ಹೆಸರಿನಲ್ಲಿ ಉಳಿದ ಕೊಕ್ಕೆ

ಏಳನೆಯ ತರಗತಿಯ ಬೇಸಿಗೆ ರಜೆಯಲ್ಲಿ ಊರಿನ ಗ್ರಂಥಾಲಯದಿಂದ ತಂದ ಒಂದು ಇಂಗ್ಲಿಷ್ ಪುಸ್ತಕದಲ್ಲಿ ನಾನು ಪೆನ್ಸಿಲ್ ಹಿಡಿದು ಅಚ್ಚಿನ ತಪ್ಪು ತಿದ್ದಿದ್ದೆ. ಅದು 1865ರಲ್ಲಿ ಮೊದಲು ಪ್ರಕಟವಾದ ಆಲಿಸಳ ಕಥೆ. ಅದರಲ್ಲಿ ರಾಣಿಯ ತೋಟದಲ್ಲೊಂದು ಆಟ ನಡೆಯುತ್ತದೆ. ಕೈಯಲ್ಲಿ ಹಿಡಿಯುವ ಕೋಲಿನ ಬದಲು ಜೀವಂತ ಫ್ಲೆಮಿಂಗೊ ಹಕ್ಕಿ, ಚೆಂಡಿನ ಬದಲು ಮುದುರಿ ಉಂಡೆಯಾದ ಮುಳ್ಳುಹಂದಿ, ಕಮಾನಿನ ಬದಲು ಕೈಕಾಲು ನೆಲಕ್ಕೂರಿ ಬಾಗಿ ನಿಂತ ಸಿಪಾಯಿಗಳು. ಆಟದ ಹೆಸರು ಕ್ರಿಕೆಟ್ ಎಂದಿರಬೇಕಾದಲ್ಲಿ ಬೇರೇನೋ ಅಕ್ಷರಗಳು ಬಿದ್ದಿವೆ ಎಂದುಕೊಂಡೆ. ಮೊದಲ ಪುಟದಲ್ಲಿ ತಿದ್ದಿದೆ. ಮುಂದಿನ ಪುಟದಲ್ಲೂ ಅದೇ ಅಕ್ಷರಗಳಿದ್ದವು, ಅದರ ಮುಂದಿನ ಪುಟದಲ್ಲೂ. ತಪ್ಪು ಹೀಗೆ ಪುಟಪುಟದಲ್ಲೂ ಒಂದೇ ರೂಪದಲ್ಲಿ ಬರುವುದಿಲ್ಲ ಎಂದು ಹೊಳೆದಾಗ ಪೆನ್ಸಿಲ್ ಕೆಳಗಿಟ್ಟೆ. ಮೇಷ್ಟರನ್ನು ಕೇಳಿದೆ. ಅವರು ‘ಕ್ರಾಕೆಟ್’ ಎಂದು ಓದಿ, ಇಂಗ್ಲಿಷರದ್ದು ಯಾವುದೋ ತೋಟದ ಆಟ ಎಂದರು.

ಅದನ್ನು ಕ್ರೋಕೆ ಎಂದು ಉಚ್ಚರಿಸುತ್ತಾರೆ, ಕೊನೆಯ ಟಕಾರ ಬರವಣಿಗೆಗೆ ಮಾತ್ರ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಆದರೆ ಆ ಪೆನ್ಸಿಲ್ ಗೀಟು ಮನಸ್ಸಿನಿಂದ ಅಳಿಸಿಹೋಗಲಿಲ್ಲ. ಒಂದು ಪದವನ್ನು ಅದು ಏನೆಂದು ಕೇಳದೆಯೇ ನನಗೆ ಗೊತ್ತಿರುವ ಇನ್ನೊಂದು ಪದವನ್ನಾಗಿ ಮಾಡಿಬಿಟ್ಟಿದ್ದೆ. ಆ ಪದಕ್ಕೆ ನಾನೊಂದು ಬಾಕಿ ಉಳಿಸಿಕೊಂಡಿದ್ದೇನೆ ಎಂಬ ಭಾವ ಒಳಗೇ ಇತ್ತು.

ಹುಲ್ಲಿನ ಮೇಲೆ ಒಂದು ಮಧ್ಯಾಹ್ನ

ಮಗಳು ಬ್ರಿಸ್ಟಲಿನಲ್ಲಿ ಓದುತ್ತಿದ್ದಾಗ ಒಂದು ಬೇಸಿಗೆ ಅವಳ ಜೊತೆ ಕಳೆದೆ. ಅಲ್ಲಿಂದ ರೈಲಿನಲ್ಲಿ ಚೆಲ್ಟನ್‌ಹ್ಯಾಮಿಗೆ ಹೋದ ದಿನ, ಬೇಲಿಯಾಚೆಯ ಹುಲ್ಲಿನಂಗಳದಲ್ಲಿ ಬಿಳಿ ಉಡುಪಿನ ನಾಲ್ವರು ಆಡುತ್ತಿದ್ದುದು ಕಣ್ಣಿಗೆ ಬಿತ್ತು. ನಿಂತು ನೋಡಿದೆ. ಗದ್ದಲವೇ ಇಲ್ಲ. ಮರದ ಕೊಡತಿ ಚೆಂಡಿಗೆ ತಾಗುವ ಟೊಕ್ ಎಂಬ ಸದ್ದು, ಆಮೇಲೆ ಚೆಂಡು ಉರುಳಿ ನಿಲ್ಲುವವರೆಗಿನ ಮೌನ. ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ ತಮ್ಮ ಸರದಿ ಮುಗಿಸಿ ಬೆಂಚಿಗೆ ಬಂದವರು, ನನ್ನ ಕುತೂಹಲ ಕಂಡು ಒಳಗೆ ಕರೆದರು. ಕೈಗೊಂದು ಹಳದಿ ಚೆಂಡು ಕೊಟ್ಟರು. ಕೈ ಕೆಳಗೆ ಜಗ್ಗಿತು. ತೂಕ ಒಂದು ಪೌಂಡು, ಅಂದರೆ 454 ಗ್ರಾಂ. ಕ್ರಿಕೆಟ್ ಚೆಂಡಿನ ಹೆಚ್ಚುಕಡಿಮೆ ಮೂರರಷ್ಟು. ಮೈಯಲ್ಲೆಲ್ಲ ಸಣ್ಣ ಉಬ್ಬುಗಳ ಜಾಲಿ, ಅದರ ಮೇಲೆ ಎಷ್ಟೋ ವರ್ಷಗಳ ಪೆಟ್ಟಿನ ಮಾಸಲು ಗುರುತು.

ಆಮೇಲೆ ನನ್ನನ್ನು ಕಮಾನಿನ ಬಳಿ ಕರೆದೊಯ್ದು ಮಂಡಿಯೂರಿ ಕೂರಲು ಹೇಳಿದರು. ಮೊಣಕಾಲಿಗಿಂತ ತಗ್ಗಿನ ಕಬ್ಬಿಣದ ಕಮಾನು, ಬಿಳಿ ಬಣ್ಣ, ತಲೆಯ ಪಟ್ಟಿಗೆ ಮಾತ್ರ ನೀಲಿ. ಆರಂಭದ ಕಮಾನಿಗೆ ನೀಲಿ, ಕಡೆಯದಕ್ಕೆ ಕೆಂಪು. ಚೆಂಡನ್ನು ಅದರ ಬಾಯಿಯಲ್ಲಿ ಇಟ್ಟು ನೋಡಿದೆ. ಚೆಂಡಿನ ಅಡ್ಡಳತೆ 92 ಮಿಲಿಮೀಟರ್, ಕಮಾನಿನ ಒಳಗಲ 95ರಷ್ಟು. ಎರಡೂ ಬದಿ ಸೇರಿ ಉಳಿಯುವುದು ಮೂರು ಮಿಲಿಮೀಟರ್. ದೊಡ್ಡ ಪಂದ್ಯಗಳಲ್ಲಿ ಅದಕ್ಕೂ ಕಡಿಮೆ, ಒಂದು ಮಿಲಿಮೀಟರಿಗಿಂತಲೂ ಕಿರಿದು. ದೂರದಿಂದ ನೋಡುವಾಗ ವಿರಾಮದ ಹೊತ್ತು ಕಳೆಯುವಂತೆ ಕಾಣುವ ಆಟದ ಒಳಗೆ ಇಷ್ಟು ಬಿಗಿ ಇದೆ ಎಂದು ಮಂಡಿಯೂರಿದ ಮೇಲೆಯೇ ಗೊತ್ತಾದದ್ದು. ಆರು ಕಮಾನು, ನಡುವೆ ಒಂದು ಗೂಟ. ಪ್ರತಿ ಚೆಂಡೂ ಆರು ಕಮಾನುಗಳನ್ನು ಎರಡೆರಡು ಬಾರಿ ಗೊತ್ತಾದ ಕ್ರಮದಲ್ಲಿ ದಾಟಿ ಗೂಟಕ್ಕೆ ತಾಗಬೇಕು. ನೀಲಿ ಮತ್ತು ಕಪ್ಪು ಒಂದು ಪಕ್ಷ, ಕೆಂಪು ಮತ್ತು ಹಳದಿ ಇನ್ನೊಂದು. ಎರಡು ಚೆಂಡಿಗೆ ಸೇರಿ 26 ಅಂಕ ಮೊದಲು ಮಾಡಿದವರಿಗೆ ಗೆಲುವು.

ಅಷ್ಟಾದರೆ ಆಟ ಸರಳ. ಅದರ ಜೀವಾಳ ಬೇರೆ ಕಡೆ ಇದೆ. ನನ್ನ ಚೆಂಡು ಇನ್ನೊಂದು ಚೆಂಡಿಗೆ ಬಡಿದರೆ ಅದು ರೋಕೆ. ಆಗ ನನ್ನ ಚೆಂಡನ್ನು ಎತ್ತಿಕೊಂಡು ಹೋಗಿ, ಬಡಿಸಿಕೊಂಡ ಚೆಂಡಿಗೆ ತಾಗುವಂತೆ ಪಕ್ಕದಲ್ಲಿಟ್ಟು ಹೊಡೆಯುತ್ತೇನೆ. ಎರಡೂ ಚೆಂಡುಗಳು ಒಟ್ಟಿಗೆ ಹೊರಡುತ್ತವೆ. ಈ ಹೊಡೆತದ ಹೆಸರೇ ಕ್ರೋಕೆ. ಇಡೀ ಆಟಕ್ಕೂ ಅದೇ ಹೆಸರು. ಕೊಡತಿಯ ಕೋನ, ಕೈಯ ಬಿಗಿ, ಹೊಡೆತದ ಉದ್ದ ಇವುಗಳಿಂದ ಎರಡು ಚೆಂಡುಗಳನ್ನು ಎರಡು ಬೇರೆ ದಿಕ್ಕಿಗೆ, ಎರಡು ಬೇರೆ ದೂರಕ್ಕೆ ಒಂದೇ ಪೆಟ್ಟಿನಲ್ಲಿ ಕಳಿಸಬಹುದು. ಅಜ್ಜಿ ಅದನ್ನು ಮಾಡಿ ತೋರಿಸಿದರು. ಕೆಂಪು ಚೆಂಡು ಅಂಗಳದ ಅಂಚಿನವರೆಗೆ ಓಡಿತು, ಹಳದಿ ನಾಲ್ಕು ಹೆಜ್ಜೆ ನಡೆದು ಕಮಾನಿನ ಎದುರು ನಿಂತಿತು. ಹಿಂದಿನ ಕಾಲದಲ್ಲಿ ತಮ್ಮ ಚೆಂಡನ್ನು ಕಾಲಿನಿಂದ ಒತ್ತಿ ಹಿಡಿದು, ಎದುರಾಳಿಯ ಚೆಂಡನ್ನು ಮಾತ್ರ ದೂರದ ಪೊದೆಗೆ ಅಟ್ಟುವ ರೂಢಿಯಿತ್ತು. ಸ್ಪರ್ಧೆಯ ಆಟದಲ್ಲಿ ಈಗ ಅದಿಲ್ಲ.

ಈ ಆಟದಲ್ಲಿ ಹೆಂಗಸರಿಗೂ ಗಂಡಸರಿಗೂ ಒಂದೇ ಅಂಗಳ, ಒಂದೇ ನಿಯಮ, ಒಂದೇ ಪಂದ್ಯ ಎಂದು ಅವರು ಹೇಳುವಾಗ ದನಿಯಲ್ಲಿ ಹೆಮ್ಮೆಯಿತ್ತು. ಡೊರೊತಿ ಸ್ಟೀಲ್ ಎಂಬಾಕೆ ಗಂಡಸರೂ ಆಡುವ ಬ್ರಿಟನ್ನಿನ ಮುಕ್ತ ಚಾಂಪಿಯನ್‌ಷಿಪ್ಪನ್ನು 1925ರಿಂದ 1936ರ ನಡುವೆ ನಾಲ್ಕು ಬಾರಿ ಗೆದ್ದಿದ್ದರು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ರೋಕೆ ಆಡಿದ ಫ್ರೆಂಚ್ ಮಹಿಳೆಯರು ಆಧುನಿಕ ಒಲಿಂಪಿಕ್ಸ್‌ನ ಮೊಟ್ಟಮೊದಲ ಕ್ರೀಡಾಪಟು ಮಹಿಳೆಯರ ಸಾಲಿನಲ್ಲಿದ್ದಾರೆ. ಲಾಂಗು ಸ್ಕರ್ಟಿನ ಕಾಲದಲ್ಲಿ ಬಯಲಿಗೆ ಬಂದು ಆಡಲು ಹೆಣ್ಣುಮಕ್ಕಳಿಗೆ ಮೊದಲು ದಾರಿ ಬಿಟ್ಟ ಆಟಗಳಲ್ಲಿ ಇದೂ ಒಂದು.

ಹೊರಡುವ ಮೊದಲು, ಕ್ರೋಕೆ ಎಂದರೇನು ಎಂದು ಕೇಳಿದೆ. ಹಳೆಯ ಫ್ರೆಂಚಿನಲ್ಲಿ ಕೊಕ್ಕೆಕೋಲು ಎಂದರ್ಥ, ಕುರುಬರ ಕೋಲು, ಎಂದರು. ನಾನು ಅವರ ಕೈಯಲ್ಲಿದ್ದ ಕೊಡತಿಯನ್ನು ನೋಡಿದೆ. ನೆಟ್ಟಗಿನ ಹಿಡಿ, ಅದಕ್ಕೆ ಅಡ್ಡಲಾಗಿ ನೆಟ್ಟಗಿನ ಮರದ ತಲೆ. ಎಲ್ಲಿಯೂ ಒಂದು ಬಾಗು ಇಲ್ಲ, ಕೊಕ್ಕೆಯಂತೂ ಇಲ್ಲವೇ ಇಲ್ಲ.

ಕೊಕ್ಕೆ ಎಲ್ಲಿಂದ ಬಂತು

ಬಾಲ್ಯದ ಬಾಕಿ ತೀರಿಸಲು ಇದಕ್ಕಿಂತ ಒಳ್ಳೆಯ ಎಳೆ ಬೇಕಿರಲಿಲ್ಲ. ಬ್ರಿಸ್ಟಲಿನ ಗ್ರಂಥಾಲಯದಲ್ಲಿ ಮರುದಿನವೇ ಕುಳಿತೆ. ಹಳೆಯ ನಾರ್ಸ್ ನುಡಿಯಲ್ಲಿ ಕೊಕ್ಕೆಗೆ ಕ್ರೋಕ್ರ್ ಎನ್ನುತ್ತಿದ್ದರು. ಇಂಗ್ಲಿಷಿನ ಕ್ರುಕ್, ಅಂದರೆ ಕುರುಬರ ಬಾಗುಕೋಲು, ಅಲ್ಲಿಂದಲೇ ಬಂದದ್ದು. ಫ್ರೆಂಚಿನಲ್ಲಿ ಈ ಕುಲದ ಪದ ಕ್ರೋ ಆಯಿತು, ಅದಕ್ಕೆ ‘ಪುಟ್ಟದು’ ಎಂಬರ್ಥದ ಪ್ರತ್ಯಯ ಸೇರಿ ಪುಟ್ಟ ಕೊಕ್ಕೆ ಹುಟ್ಟಿತು. ಈ ಪುಟ್ಟ ಕೊಕ್ಕೆಯನ್ನು ಪ್ಯಾರಿಸ್ ಕಡೆಯವರು ಚಕಾರದಿಂದ ಬರೆದು ಕ್ರೋಶೆ ಎಂದರು. ಉತ್ತರದ ಜನ ತಮ್ಮ ಮಾತಿನಲ್ಲಿ ಗಟ್ಟಿ ಕಕಾರವನ್ನೇ ಉಳಿಸಿಕೊಂಡು ಕ್ರೋಕೆ ಎಂದರು. ನಮ್ಮಲ್ಲಿ ಕನ್ನಡದ ‘ಕೆರೆ’, ‘ಕಿವಿ’ ತಮಿಳಿನಲ್ಲಿ ‘ಚಿರೈ’, ‘ಚೆವಿ’ ಆಗುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಂದೇ ಪದ, ನಡುವೆ ಒಂದು ಊರಗಡಿ.

ಇಲ್ಲಿ ನನಗೆ ದೊಡ್ಡ ಆಮಿಷವೊಂದು ಎದುರಾಯಿತು. ಕ್ರೋಕ್ರ್, ಕ್ರೋಕೆ, ಕೊಕ್ಕೆ! ನಾಲಿಗೆಗೆ ಇಷ್ಟು ಹತ್ತಿರ, ಅರ್ಥವೂ ಅದೇ. ಆದರೆ ನಮ್ಮ ಕೊಕ್ಕೆ ದ್ರಾವಿಡದ್ದು. ತಮಿಳಿನಲ್ಲಿ ಕೊಕ್ಕಿ ಇದೆ. ಉತ್ತರ ಯುರೋಪಿನ ಕೊಕ್ಕೆಗೂ ನಮ್ಮ ಕೊಕ್ಕೆಗೂ ನೆಂಟಸ್ತನವಿಲ್ಲ, ಸದ್ದಿನ ಹೋಲಿಕೆ ಮಾತ್ರ. ಸದ್ದು ಕೇಳಿ ಸಂಬಂಧ ಕಟ್ಟುವ ಚಟ ನಮ್ಮಲ್ಲಿ ಬಹಳ ಇದೆ, ಅದರಿಂದ ಭಾಷೆಗೆ ಆಗುವ ಹಾನಿಯೂ ಬಹಳ. ಕ್ರಿಕೆಟ್ ಎಂದು ತಿದ್ದಿದ ಹುಡುಗಿ ಅದೇ ತಪ್ಪನ್ನು ಇನ್ನೊಮ್ಮೆ ಮಾಡಬಾರದು. ಹಾಗೆಯೇ, ಫ್ರೆಂಚಿನಲ್ಲಿ ಕಟುಮ್ ಎಂದು ಕಡಿಯುವುದಕ್ಕೆ ಇರುವ ಕ್ರೋಕೆ ಎಂಬ ಕ್ರಿಯಾಪದದಿಂದ, ಚೆಂಡು ಬಡಿಯುವ ಸದ್ದಿನಿಂದ, ಆಟಕ್ಕೆ ಹೆಸರು ಬಂತು ಎಂಬ ಮಾತೂ ಕೇಳಲು ಸೊಗಸು. ನನಗೆ ಕೋಲಿನ ವಾದವೇ ಗಟ್ಟಿಯೆನಿಸುತ್ತದೆ.

ಯಾಕೆಂದರೆ ಆಟಗಳು ಹೆಸರು ಪಡೆಯುವುದೇ ಹಾಗೆ. ಕೆನಡಾದ ಮೂಲನಿವಾಸಿಗಳ ಆಟ ಕಂಡ ಫ್ರೆಂಚರು ಅದರ ಬಾಗುಕೋಲನ್ನು ನೋಡಿ ಲಾ ಕ್ರಾಸ್ ಎಂದರು. ಇಂದಿನ ಲಕ್ರಾಸ್ ಅದೇ. ಬಿಲಿಯರ್ಡ್ಸ್ ಎಂಬ ಹೆಸರೂ ಕೋಲಿನ ಹೆಸರೇ. ಆ ಆಟ ಮೊದಲು ಹುಲ್ಲಿನ ಮೇಲಿದ್ದು ಮೇಜಿಗೆ ಏರಿತು ಎನ್ನುತ್ತಾರೆ, ಮೇಜಿನ ಹಸಿರು ಬಟ್ಟೆ ಹುಲ್ಲಿನ ನೆನಪು. ನಮ್ಮ ಚಿನ್ನಿದಾಂಡಿನಲ್ಲಿ ಗಿಡ್ಡ ಕೋಲು ಮತ್ತು ಉದ್ದ ಕೋಲು ಎರಡೂ ಸೇರಿ ಆಟದ ಹೆಸರಾಗಿವೆ. ಆಡುವವನು ಮೊದಲು ಕೈಯಲ್ಲಿರುವುದನ್ನು ಹೆಸರಿಸುತ್ತಾನೆ, ನಿಯಮ ಆಮೇಲೆ ಬರುತ್ತದೆ. (ಕ್ರೋಕೆಯ ಪೂರ್ವಜ ಎಂದು ಹಲವರು ಹೇಳುವ ಪೆಲ್‌ಮೆಲ್ ಎಂಬ ಹಳೆಯ ಆಟದ ಹೆಸರಿನಲ್ಲಿರುವುದೂ ಚೆಂಡು ಮತ್ತು ಕೊಡತಿ. 1661ರಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಲಂಡನ್ನಿನ ಸೇಂಟ್ ಜೇಮ್ಸ್ ಉದ್ಯಾನದಲ್ಲಿ ಅದನ್ನು ಮೊದಲ ಬಾರಿ ಕಂಡದ್ದಾಗಿ ದಿನಚರಿಯಲ್ಲಿ ಬರೆದಿದ್ದಾನೆ. ಆ ಆಟ ಆಡುತ್ತಿದ್ದ ನೀಳ ದಾರಿಗೆ ಮಾಲ್ ಎಂದು ಹೆಸರಾಯಿತು, ಆಮೇಲೆ ತಿರುಗಾಡುವ ಬೀದಿಗೆ, ಕಡೆಗೆ ಅಂಗಡಿಗಳ ಸಮುಚ್ಚಯಕ್ಕೆ. ಬೆಂಗಳೂರಿನಲ್ಲಿ ಭಾನುವಾರ ಮಾಲ್‌ಗೆ ಹೋಗುವವರು ಒಂದು ಮರದ ಕೊಡತಿಯ ಹೆಸರು ಹೇಳಿಕೊಂಡು ಹೋಗುತ್ತಿದ್ದಾರೆ.)

ಇದೇ ಕೊಕ್ಕೆಯ ಬಳಗ ಇನ್ನೂ ದೊಡ್ಡದು. ಎನ್‌ಕ್ರೋಚ್‌ಮೆಂಟ್ ಎಂದು ಕಂದಾಯ ಇಲಾಖೆಯ ನೋಟಿಸಿನಲ್ಲಿ ಓದುತ್ತೇವಲ್ಲ, ನಮ್ಮ ಒತ್ತುವರಿ, ಅದರ ಹೊಟ್ಟೆಯಲ್ಲಿರುವುದೂ ಇದೇ ಕೊಕ್ಕೆ. ಪರರ ನೆಲಕ್ಕೆ ಕೊಕ್ಕೆ ಹಾಕಿ ಎಳೆದುಕೊಳ್ಳುವುದು ಅದರ ಮೂಲಾರ್ಥ.

ಅತ್ತೆಯ ಕಡ್ಡಿ

ಪುಸ್ತಕದಲ್ಲಿ ಕ್ರೋಶೆ ಎಂಬ ಪದ ಕಂಡ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಸಾಗರದ ಮನೆಯ ಜಗಲಿ. ಅಪ್ಪನ ತಂಗಿ, ನಮ್ಮ ಅತ್ತೆ, ಮಧ್ಯಾಹ್ನದ ಕೆಲಸ ಮುಗಿಸಿ ಅಲ್ಲಿ ಕಂಬಕ್ಕೆ ಒರಗಿ ಕೂರುತ್ತಿದ್ದರು. ಮಡಿಲಲ್ಲಿ ದಾರದ ಉಂಡೆ, ಕೈಯಲ್ಲಿ ಕ್ರೋಶಾ ಕಡ್ಡಿ. ಕಾನ್ವೆಂಟ್ ಶಾಲೆಯ ಹೊಲಿಗೆ ತರಗತಿಯಲ್ಲಿ ಹನ್ನೊಂದನೆಯ ವಯಸ್ಸಿಗೆ ಕಲಿತದ್ದು. ಅವರ ಬಾಯಲ್ಲಿ ಅದು ಯಾವತ್ತೂ ಕ್ರೋಶಾ, ನಮ್ಮೆಲ್ಲರ ಬಾಯಲ್ಲೂ. ಅದು ಫ್ರೆಂಚ್ ಪದ, ಅದರರ್ಥ ಪುಟ್ಟ ಕೊಕ್ಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಕೊಕ್ಕೆ ಕಣ್ಣೆದುರೇ ಇತ್ತು.

ಆ ಕಡ್ಡಿಯನ್ನು ನಾನು ಎಷ್ಟೋ ಸಲ ಬೆರಳಲ್ಲಿ ತಿರುಗಿಸಿ ನೋಡಿದ್ದೇನೆ. ಗೇಣುದ್ದದ ಸ್ಟೀಲಿನ ಕಡ್ಡಿ, ನಡುವೆ ಹೆಬ್ಬೆರಳು ಊರಲು ಚಪ್ಪಟೆ ಜಾಗ. ಅಲ್ಲಿದ್ದ ಅಂಕಿ ಸವೆದುಹೋಗಿತ್ತು. ತುದಿಯಲ್ಲಿ ಅಕ್ಕಿಕಾಳಿನ ಮೂತಿಯಷ್ಟು ಸಣ್ಣ ಗಾಯದಂಥ ಕಚ್ಚು. ಆ ಕಚ್ಚೇ ಎಲ್ಲ. ಕುಣಿಕೆಯೊಳಗೆ ಕಡ್ಡಿ ತೂರುತ್ತದೆ, ಆಚೆ ಬದಿಯ ದಾರವನ್ನು ಕಚ್ಚು ಹಿಡಿಯುತ್ತದೆ, ಹಿಂದಕ್ಕೆ ಬರುವಾಗ ದಾರ ಕುಣಿಕೆಯೊಳಗಿಂದ ಹೊಸ ಕುಣಿಕೆಯಾಗಿ ಹೊರಬರುತ್ತದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲ ಒಟ್ಟಿಗೆ ಕಡ್ಡಿಯ ಮೇಲೆ ಕಾದಿರುತ್ತವೆ. ಕ್ರೋಶಾದಲ್ಲಿ ಜೀವಂತವಾಗಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಅದು ಜಾರಿದರೆ ಹಿಂದಿನ ಕೆಲಸವೆಲ್ಲ ಒಂದೇ ಎಳೆತಕ್ಕೆ ಬಿಚ್ಚಿಹೋಗುತ್ತದೆ. ಅದಕ್ಕೇ ಅತ್ತೆ ಬಾಗಿಲು ಬಡಿದ ಸದ್ದಾದರೂ ಮೊದಲು ಆ ಕೊನೆಯ ಕುಣಿಕೆಯನ್ನು ಉದ್ದಕ್ಕೆ ಎಳೆದಿಟ್ಟು ಆಮೇಲೆ ಏಳುತ್ತಿದ್ದರು.

ಅಡಿಕೆ ತೋಟದ ಊರಿನಲ್ಲಿ ಕೊಕ್ಕೆಗೇನು ಕೊರತೆ? ದೋಟಿಯ ತುದಿಯಲ್ಲಿ ಕೊಕ್ಕೆ, ಬಾವಿಗೆ ಬಿದ್ದ ಕೊಡ ತೆಗೆಯಲು ಕೊಕ್ಕೆ, ಬಾಗಿಲಿಗೆ ಕೊಕ್ಕೆ. ಆದರೂ ನಾನು ಕಂಡ ಅತಿ ನಾಜೂಕಿನ ಕೊಕ್ಕೆ ಅತ್ತೆಯದೇ. ಈಗ ಕರ್ನಾಟಕದ ಊರೂರಲ್ಲಿ ಹೆಣ್ಣುಮಕ್ಕಳು ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕಿ ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ. ಅವರೆಲ್ಲರ ಕೈಯಲ್ಲಿ ಇರುವುದು ಈ ಕಚ್ಚೇ.

ಒಂದೇ ದ್ವೀಪದಲ್ಲಿ ಅಕ್ಕತಂಗಿಯರು

ಇಲ್ಲಿಂದ ಮುಂದಿನದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕ್ರೋಕೆ ಇಂಗ್ಲೆಂಡಿನ ಆಟವೆಂದು ಹೆಸರಾದರೂ ಇಂಗ್ಲೆಂಡಿಗೆ ಅದು ಬಂದದ್ದು ಐರ್ಲೆಂಡಿನಿಂದ, 1850ರ ದಶಕದಲ್ಲಿ. ಅದಕ್ಕೂ ಮೊದಲು, 1834ರಲ್ಲಿ, ಲೌತ್ ಕೌಂಟಿಯ ಕ್ಯಾಸಲ್‌ಬೆಲ್ಲಿಂಗಮ್ ಎಂಬಲ್ಲಿ ಕ್ರೂಕಿ ಎಂಬ ಆಟವಿತ್ತೆಂದೂ, ಮರುವರ್ಷ ಅದು ಗಾಲ್ವೆಯ ಬಿಷಪ್ಪರ ತೋಟಕ್ಕೂ ಡಬ್ಲಿನ್ ಪಕ್ಕದ ಕಿಂಗ್ಸ್‌ಟೌನಿಗೂ ಹೋಯಿತೆಂದೂ ದಾಖಲೆಗಳನ್ನು ಹುಡುಕಿದವರು ಹೇಳುತ್ತಾರೆ. ಕ್ರೂಕಿ! ಅದರಲ್ಲಿ ಬಾಗುಕೋಲು ಇನ್ನೂ ಕಿವಿಗೆ ಕೇಳುತ್ತದೆ. ಕಿಂಗ್ಸ್‌ಟೌನಿನ ಸ್ಥಿತಿವಂತರ ನಡುವೆ ಅದು ಫ್ರೆಂಚ್ ಕಾಗುಣಿತಕ್ಕೆ ತಿರುಗಿತಂತೆ. ಕುರುಬನ ಕೋಲಿಗೆ ರೇಷ್ಮೆ ಉಡಿಸಿದಂತೆ ನನಗೆ ಕಾಣುತ್ತದೆ. ಲಂಡನ್ನಿನ ಐಸಾಕ್ ಸ್ಪ್ರಾಟ್ 1856ರಲ್ಲಿ ಆಟದ ನಿಯಮಗಳನ್ನು ನೋಂದಾಯಿಸಿದ. ಆಟಿಕೆ ತಯಾರಕ ಜಾನ್ ಜೇಕ್ಸ್ ಕೊಡತಿ ಮತ್ತು ಚೆಂಡುಗಳನ್ನು ಪೆಟ್ಟಿಗೆಗಟ್ಟಲೆ ಮಾರಿದ. 1868ರಲ್ಲಿ ಅಖಿಲ ಇಂಗ್ಲೆಂಡ್ ಕ್ರೋಕೆ ಕ್ಲಬ್ ಹುಟ್ಟಿತು. ಟೆನಿಸ್ ಅಲ್ಲಿಗೆ ಕಾಲಿಟ್ಟದ್ದು ಆಮೇಲೆ. 1877ರಲ್ಲಿ ಮೊದಲ ಟೆನಿಸ್ ಚಾಂಪಿಯನ್‌ಷಿಪ್. 1882ರಲ್ಲಿ ಕ್ಲಬ್ಬಿನ ಹೆಸರಿನಿಂದ ಕ್ರೋಕೆಯನ್ನು ತೆಗೆದರು, 1899ರಲ್ಲಿ ಮತ್ತೆ ಸೇರಿಸಿದರು. ವಿಂಬಲ್ಡನ್ನಿನ ಕ್ಲಬ್ಬಿನ ಪೂರ್ಣ ಹೆಸರಿನಲ್ಲಿ ಇವತ್ತಿಗೂ ಕ್ರೋಕೆ ಇದೆ. ಅತ್ತ ಅಮೆರಿಕದಲ್ಲಿ ಗಟ್ಟಿ ನೆಲದ ಮೇಲೆ ಆಡುವ ರೂಪಕ್ಕೆ ಹೆಸರು ಬೇಕಾದಾಗ ಇಂಗ್ಲಿಷ್ ಕಾಗುಣಿತದ ಮೊದಲ ಅಕ್ಷರ ‘C’ ಮತ್ತು ಕೊನೆಯ ಅಕ್ಷರ ‘T’ಯನ್ನು ಕತ್ತರಿಸಿ ರೋಕ್ ಎಂದರು. ಕತ್ತರಿಸಿದ ಆ ಮೊದಲ ಅಕ್ಷರ, ನೋಡಿ, ಕೊಕ್ಕೆಯ ಆಕಾರದ್ದೇ.

ಆದರೆ ಐರ್ಲೆಂಡಿಗೆ ಮರಳುತ್ತೇನೆ. 1845ರಲ್ಲಿ ಅಲ್ಲಿನ ಆಲೂಗೆಡ್ಡೆ ಬೆಳೆಗೆ ರೋಗ ಬಿತ್ತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಕಾಯಿಲೆಯಿಂದ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಆ ಬರಗಾಲದಲ್ಲಿ ಕಾರ್ಕ್ ಊರಿನ ಸನ್ಯಾಸಿನಿಯರು ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಮೊನಹನ್ ಕೌಂಟಿಯ ಕ್ಲೋನ್ಸ್‌ನಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಅದೇ ಕೆಲಸ ಆರಂಭಿಸಿದಳು. ಗುಲಾಬಿ, ಎಲೆ, ಸಣ್ಣ ಗಂಟುಗಳ ಐರಿಷ್ ಕ್ರೋಶಾ ಲೇಸು ದೊಡ್ಡ ಊರುಗಳ ಅಂಗಡಿಗಳಿಗೆ ಹೋಯಿತು, ಆ ಹಣದಿಂದ ಗುಡಿಸಲುಗಳಲ್ಲಿ ಹಿಟ್ಟು ಬಂತು. ಕ್ಯಾಸಲ್‌ಬೆಲ್ಲಿಂಗಮ್ ಮತ್ತು ಕ್ಲೋನ್ಸ್ ನಕ್ಷೆಯಲ್ಲಿ ಒಂದು ಬೆರಳಗಲದ ದೂರ.

ಒಂದೇ ತಾಯಿಯ ಎರಡು ಪದಗಳು. ಒಂದು ಜಮೀನುದಾರರ ಹುಲ್ಲಿನಂಗಳದಲ್ಲಿ, ಚೆಂಡು ಬಡಿಯುವ ಸದ್ದಿನ ಜೊತೆ. ಇನ್ನೊಂದು ಹಸಿದ ಹುಡುಗಿಯ ಬೆರಳ ನಡುವೆ. ಅಂಗಳದಲ್ಲಿ ಆಡುತ್ತಿದ್ದವರ ಕಾಲರಿನ ಲೇಸನ್ನು ಆ ಹುಡುಗಿಯೇ ಹೆಣೆದಿರಬಹುದು. ತಾವು ಆಡುವ ಆಟದ ಹೆಸರೂ ಅವಳ ಕಡ್ಡಿಯ ಹೆಸರೂ ಒಂದೇ ಎಂದು ಇಬ್ಬರಿಗೂ ತಿಳಿದಿರಲಾರದು. ಬ್ರಿಸ್ಟಲಿನ ಆ ಗ್ರಂಥಾಲಯದಲ್ಲಿ ಇದನ್ನು ಓದಿ ಮುಗಿಸಿದ ಮೇಲೆ ಬಹಳ ಹೊತ್ತು ನನಗೆ ಬೇರೆ ಪುಟ ತೆಗೆಯಲು ಆಗಲಿಲ್ಲ. ಆಟ ಬೆಳೆದಂತೆ ಕೋಲು ನೆಟ್ಟಗಾಯಿತು, ಕೊಡತಿಯಾಯಿತು, ಹೆಸರು ಮಾತ್ರ ಬಾಗಿಕೊಂಡೇ ಉಳಿಯಿತು. ಕೊಕ್ಕೆ ನಿಜವಾಗಿ ಉಳಿದದ್ದು ದುಡಿಯುವವರ ಕಡೆ.

ಹಳದಿ ಚೆಂಡು

ಚೆಲ್ಟನ್‌ಹ್ಯಾಮಿನ ಅಜ್ಜಿ ಅಂದು ಆಟಕ್ಕೆ ಬಾರದ ಒಂದು ಹಳೆಯ ಹಳದಿ ಚೆಂಡನ್ನು ನನಗೇ ಕೊಟ್ಟುಬಿಟ್ಟಿದ್ದರು. ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದು, ಸಾಗರಕ್ಕೆ ಹೋದಾಗ ಅತ್ತೆಯ ಮಡಿಲಲ್ಲಿ ಇಟ್ಟೆ. ಅವರಿಗೆ ಈಗ ಎಪ್ಪತ್ತೆಂಟು. ಕಣ್ಣಿನ ಪೊರೆ ತೆಗೆಸಿದ ಮೇಲೆ ಮತ್ತೆ ಕಡ್ಡಿ ಹಿಡಿದಿದ್ದಾರೆ. ಕಥೆಯನ್ನೆಲ್ಲ ಹೇಳಿದೆ. ಬರಗಾಲದ ಹುಡುಗಿಯರ ಮಾತು ಬಂದಾಗ ಕೈ ನಿಲ್ಲಿಸಿ, “ಆ ಮಕ್ಕಳಿಗೆ ಕೂಲಿ ಎಷ್ಟು ಕೊಡುತ್ತಿದ್ದರಂತೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದರು.

“ಇದನ್ನು ಹೀಗೆ ಬಿಟ್ಟರೆ ಉರುಳಿ ಯಾರ ಕಾಲಿಗಾದರೂ ಬೀಳುತ್ತದೆ. ಒಂದು ಚೀಲ ಹಾಕುತ್ತೇನೆ ಇರು.”

ದಾರವನ್ನು ಚೆಂಡಿಗೆ ಒಂದು ಸುತ್ತು ಸುತ್ತಿ ಅಳತೆ ಹಿಡಿದು, ಉಗುರಿನಿಂದ ಗುರುತು ಮಾಡಿಕೊಂಡರು. ಸರಪಳಿ ಹೆಣೆದು ಬಳೆ ಮಾಡಿ, ಅದರ ಮೇಲೆ ಕಂಬಗಳನ್ನು ಎಬ್ಬಿಸುತ್ತ ಹೋದರು. ಸಂಜೆಯ ಹೊತ್ತಿಗೆ ಚೀಲ ಸಿದ್ಧವಾಯಿತು. ಚೆಂಡು ಹಾಕಿ ಮೊಳೆಗೆ ತೂಗುಹಾಕಿದರೆ, ಒಂದು ಪೌಂಡಿನ ಭಾರಕ್ಕೆ ಬಲೆಯ ಕಣ್ಣುಗಳು ಹಿಗ್ಗಿ ಚೆಂಡು ಅರ್ಧ ಹೊರಗೆ ಇಣುಕಿತು. ಅತ್ತೆ ಅದನ್ನು ಒಂದು ಗಳಿಗೆ ನೋಡಿದರು. ಚೆಂಡನ್ನು ಹೊರತೆಗೆದು ನನ್ನ ಕೈಗೆ ಕೊಟ್ಟು, ಕೊನೆಯ ಗಂಟು ಬಿಚ್ಚಿ, ದಾರವನ್ನು ಒಂದೇ ಎಳೆತಕ್ಕೆ ಎಳೆದರು. ಮಧ್ಯಾಹ್ನದ ಕೆಲಸ ಸರ್ರನೆ ಬಿಚ್ಚಿಕೊಂಡು ಮಡಿಲಿಗೆ ಬಿತ್ತು.

“ದಾರ ಜೋಡಿ ಮಾಡಬೇಕು, ದೊಡ್ಡ ಕೊಕ್ಕೆಯ ಕಡ್ಡಿ ಒಳಗಿದೆ, ಹೊಲಿಗೆ ಡಬ್ಬಿ ತೆಗೆದುಕೊಂಡು ಬಾ” ಎಂದರು.